ಕೌದಿಯ ಅಂಚಿನ ಗಂಟು

ಕ್ರೋಷಾ ಹೆಣಿಗೆಯಲ್ಲಿ ಗಂಟು ಇರುವುದಿಲ್ಲ. ಈ ಮಾತನ್ನು ಹದಿನಾರನೇ ವಯಸ್ಸಿನಿಂದ ಹೇಳಿಕೊಂಡು ಬಂದಿದ್ದೇನೆ; ಕಿವಿಗೆ ಹಾಕಿಕೊಂಡವರು ಕಡಿಮೆ. ತುದಿಯಲ್ಲಿ ಕೊಕ್ಕೆ ಇರುವ ಒಂದು ಕಡ್ಡಿ, ಒಂದು ಎಳೆ ನೂಲು. ಒಂದು ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆಯನ್ನು ಎಳೆದುಕೊಳ್ಳುತ್ತಾ ಹೋಗುವುದು, ಅಷ್ಟೇ. ಸಾವಿರ ಕುಣಿಕೆ ಹಾಕಿದರೂ ಅದರಲ್ಲಿ ಒಂದೂ ಗಂಟಲ್ಲ. ಕೊನೆಯ ಎಳೆ ಹಿಡಿದು ಜಗ್ಗಿದರೆ ಇಡೀ ಅಂಚು ಸರಸರನೆ ಬಿಚ್ಚಿಕೊಂಡು ಬರುತ್ತದೆ. ಗಂಟು ಇರುವುದು ತುದಿಯಲ್ಲಿ ಒಂದೇ ಒಂದು, ಅದೂ ಮಾಡಿದ ಕೆಲಸ ಬಿಚ್ಚಿಹೋಗದಿರಲಿ ಎಂದು ನಾವಾಗಿ ಹಾಕುವುದು. ಇಷ್ಟನ್ನು ಮನೆಯ ದೊಡ್ಡವರಿಗೆ ತಿಳಿಸಿ ಹೇಳಲು ಹೋಗಿ ನಾನು ಹಟಮಾರಿ, ಬಾಯಿಬಡುಕಿ, ಮನೆಹಾಳಿ ಎಂಬ ಮೂರು ಬಿರುದು ಪಡೆದೆ. ಮೊದಲಿನ ಎರಡನ್ನು ನಾನು ಒಪ್ಪಿಕೊಂಡಿದ್ದೇನೆ.

ಐವತ್ತರ ದಶಕದ ನಡುವಿನ ಮಾತು. ನಾವಿದ್ದದ್ದು ತರೀಕೆರೆಯಲ್ಲಿ. ಅಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಮನೆಯಲ್ಲಿ ಅಪ್ಪ, ಅಮ್ಮ, ನಾನು, ಜೊತೆಗೆ ಅಪ್ಪನ ಅಕ್ಕ. ಅವರನ್ನು ನಾವು ದೊಡ್ಡತ್ತೆ ಎನ್ನುತ್ತಿದ್ದೆವು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆ ಸೇರಿದವರು. ಮನೆಯ ಬೀಗದ ಕೈ ಅಮ್ಮನ ಸೊಂಟದಲ್ಲಿತ್ತು, ಅಧಿಕಾರ ದೊಡ್ಡತ್ತೆಯ ಬಾಯಲ್ಲಿತ್ತು. ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳಾದ ಅಕ್ಕನನ್ನು ಅಜ್ಜಂಪುರಕ್ಕೆ ಕೊಟ್ಟಿತ್ತು. ದೊಡ್ಡತ್ತೆಗೆ ಅಕ್ಕನೆಂದರೆ ಪ್ರಾಣ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದನ್ನೆಲ್ಲ ಓದಿ ಅವರನ್ನು ರಾಕ್ಷಸಿ ಎಂದುಕೊಳ್ಳುತ್ತೀರಿ. ಅವರು ರಾಕ್ಷಸಿಯಲ್ಲ. ತಮ್ಮ ಹೊಟ್ಟೆಯಲ್ಲಿ ಹುಟ್ಟಿದ ಎರಡು ಕೂಸುಗಳನ್ನು ಹುಟ್ಟಿದ ದಿನವೇ ಕಳೆದುಕೊಂಡಿದ್ದ ಹೆಂಗಸು ಅವರು.

ನಾನು ಕ್ರೋಷಾ ಕಲಿತದ್ದು ಕಡೂರಿನಲ್ಲಿ. ಅಲ್ಲಿ ಚಿಕ್ಕಮ್ಮನ ಮನೆಯಿತ್ತು, ಬೇಸಿಗೆ ರಜ ಬಂದರೆ ನನ್ನನ್ನು ಅಲ್ಲಿಗೆ ಸಾಗಹಾಕುತ್ತಿದ್ದರು. ಪಕ್ಕದ ವಠಾರದಲ್ಲಿ ಆಸ್ಪತ್ರೆಯ ನರ್ಸಮ್ಮ ಒಬ್ಬರಿದ್ದರು. ಕೆಲಸ ಮುಗಿಸಿ ಬಂದು, ಮಧ್ಯಾಹ್ನದ ಹೊತ್ತು ಹೊಸ್ತಿಲ ಮೇಲೆ ಕೂತು ಕಡ್ಡಿ ಆಡಿಸುತ್ತಿದ್ದರು. ನಾನು ಎದುರಿಗೆ ಹೋಗಿ ಕೂತೆ. ಬೇಡ ಎನ್ನಲಿಲ್ಲ, ಬಾ ಎಂದೂ ಕರೆಯಲಿಲ್ಲ. ನಾಲ್ಕನೇ ದಿನ ನನ್ನ ಕೈಗೆ ಒಂದು ಕಡ್ಡಿ ಕೊಟ್ಟರು. ಟೇಬಲ್ಲಿನ ಬಟ್ಟೆಗೆ ಹಾಕುವ ಬಲೆಯಂಥ ಅಂಚು ಬೇರೆ, ಕೂಸಿನ ಕೌದಿಗೆ ಹಾಕುವ ಅಂಚು ಬೇರೆ ಎಂದು ಹೇಳಿಕೊಟ್ಟವರು ಅವರೇ. ಕೂಸಿನ ಅಂಚಿನಲ್ಲಿ ಬೆರಳು ತೂರುವಷ್ಟು ತೂತು ಬಿಡಬಾರದು. ಚಂದ ಕಾಣಲೆಂದು ಯಾರೋ ದೊಡ್ಡ ದೊಡ್ಡ ಕುಣಿಕೆ ಬಿಟ್ಟು, ಮಗುವಿನ ಕಾಲ್ಬೆರಳು ಅದರಲ್ಲಿ ಸಿಕ್ಕಿ ಬದನೆಕಾಯಿ ಬಣ್ಣಕ್ಕೆ ತಿರುಗಿದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಆದ್ದರಿಂದ ಚಿಕ್ಕ ಚಿಕ್ಕ ಚಿಪ್ಪಿನ ಆಕಾರ, ಒಂದಕ್ಕೊಂದು ಒತ್ತಾಗಿ. ಹಾಕಿದ ಮೇಲೆ ಅಂಚನ್ನು ನಮ್ಮದೇ ತುಟಿಗೆ ಉಜ್ಜಿ ನೋಡಬೇಕು, ಚುಚ್ಚಿದರೆ ಬಿಚ್ಚಿ ಮತ್ತೆ ಹಾಕಬೇಕು.

ಕೌದಿ ಎಂದರೆ ದೊಡ್ಡವರು ಹೊದೆಯುವ ಭಾರದ್ದಲ್ಲ. ನಮ್ಮ ಕಡೆ ಹುಟ್ಟಿದ ಕೂಸಿಗೆ ಹೊಸ ಬಟ್ಟೆ ಮುಟ್ಟಿಸುವುದಿಲ್ಲ. ಅಮ್ಮನದೋ ಅಜ್ಜಿಯದೋ ಉಟ್ಟು ಒಗೆದು ಬೆಣ್ಣೆಯಂತಾದ ಹತ್ತಿ ಸೀರೆಯನ್ನು ಮೂರು ನಾಲ್ಕು ಪದರ ಮಡಿಸಿ, ದೂರ ದೂರಕ್ಕೆ ದಾರ ಓಡಿಸಿದರೆ ಅದೇ ಕೂಸಿನ ಕೌದಿ. ಬಟ್ಟೆ ಹಳೆಯದಾದ್ದರಿಂದ ಕ್ರೋಷಾ ಕಡ್ಡಿಯನ್ನು ನೇರವಾಗಿ ಚುಚ್ಚಿದರೆ ಪಿಸಿದುಹೋಗುತ್ತದೆ. ಮೊದಲು ಅಂಚು ಮಡಿಸಿ ಸೂಜಿಯಲ್ಲಿ ಸುತ್ತಲೂ ಕಾಜಾ ಹೊಲಿಗೆ ಹಾಕಿ, ಆ ಹೊಲಿಗೆಯೊಳಗೆ ಕಡ್ಡಿ ತೂರಿಸಿ ಹೆಣೆಯಬೇಕು. ಒಂದು ಕೌದಿಗೆ ನನಗೆ ಎರಡು ತಿಂಗಳು ಹಿಡಿಯುತ್ತಿತ್ತು. ಉಚ್ಚೆ ಹೊಯ್ಯೋ ಬಟ್ಟೆಗೆ ಇಷ್ಟು ಶೃಂಗಾರ ಯಾಕೆ ಎಂದು ದೊಡ್ಡತ್ತೆ ನಗುತ್ತಿದ್ದರು. ಉಚ್ಚೆ ಹೊಯ್ಯುವವರಿಗೂ ಚಂದದ್ದು ಬೇಕು ಎಂದು ನಾನು ಎದುರುತ್ತರ ಕೊಡುತ್ತಿದ್ದೆ. ಅಲ್ಲಿಯವರೆಗೆ ಇದೆಲ್ಲ ನಗುವ ಮಾತೇ ಆಗಿತ್ತು.

ಅಕ್ಕ ಮೊದಲ ಹೆರಿಗೆಗೆ ತವರಿಗೆ ಬಂದಾಗ ಆಗಬಾರದ ಕೆಲಸವೊಂದು ನನ್ನಿಂದ ಆಯಿತು. ಕೂಸು ಭೂಮಿಗೆ ಬರುವ ಮೊದಲು ಅದಕ್ಕೆಂದು ಏನನ್ನೂ ಮಾಡಿಡಬಾರದು, ತೊಟ್ಟಿಲು ತರಬಾರದು, ಕುಲಾವಿ ಹೊಲಿಯಬಾರದು. ನನಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ನಾಮಕರಣಕ್ಕೆ ಅಜ್ಜಂಪುರದ ಬೀಗರು ಬರುವಾಗ ತೊಟ್ಟಿಲಲ್ಲಿ ನನ್ನ ಅಂಚಿನ ಕೌದಿ ಇರಬೇಕೆಂಬ ಆಸೆ. ಹುಟ್ಟಿದ ಮೇಲೆ ಶುರು ಮಾಡಿದರೆ ಹನ್ನೆರಡು ದಿನದಲ್ಲಿ ಎಲ್ಲಿ ಮುಗಿಯುತ್ತದೆ? ಅಮ್ಮನ ಹಳೇ ಬಿಳಿ ಸೀರೆಗೆ ಎಳೆಹಳದಿ ನೂಲಿನ ಅಂಚು ಹಾಕಿದೆ. ಅಕ್ಕನಿಗೆ ಮಾತ್ರ ತೋರಿಸಿದ್ದೆ. ಅವಳು ಅದನ್ನು ಕೆನ್ನೆಗೆ ಒತ್ತಿಕೊಂಡು ನೋಡಿ ನನ್ನ ಟ್ರಂಕಿನ ತಳದಲ್ಲಿ ತಾನೇ ಮಡಿಸಿಟ್ಟಳು.

ನೋವು ಶುರುವಾಗಿ ಒಂದು ಹಗಲು ಒಂದು ರಾತ್ರಿ ಕಳೆಯಿತು. ಮರುದಿನ ಬೆಳಿಗ್ಗೆ ಸೂಲಗಿತ್ತಿ ಹೊರಗೆ ಬಂದು ತಲೆ ಅಲ್ಲಾಡಿಸಿದಳು. ಆಗ ದೊಡ್ಡತ್ತೆ ಮನೆಯ ಗಂಟುಗಳನ್ನೆಲ್ಲ ಬಿಚ್ಚಲು ಹೊರಟರು. ಹೆರಿಗೆ ಕಷ್ಟವಾದರೆ ಮನೆಯಲ್ಲಿ ಕಟ್ಟಿದ್ದು, ಬಿಗಿದದ್ದು, ಮುಚ್ಚಿದ್ದು ಯಾವುದೂ ಇರಬಾರದು. ಅಲ್ಲಿ ಗಂಟು ಸಡಿಲವಾದರೆ ಇಲ್ಲಿ ದಾರಿ ಬಿಡುತ್ತದೆ ಎಂಬ ನಂಬಿಕೆ. ದನದ ಕೊರಳಿನ ಹಗ್ಗ ಬಿಚ್ಚಿದರು, ದನ ಪಕ್ಕದವರ ಹಿತ್ತಲಿಗೆ ನುಗ್ಗಿತು. ಬಾವಿಯ ಹಗ್ಗದಿಂದ ಕೊಡದ ಗಂಟು ಬಿಚ್ಚಿದರು, ಕೊಡ ಬಾವಿಗೆ ಬಿತ್ತು. ಉಪ್ಪಿನಕಾಯಿ ಜಾಡಿಯ ಬಾಯಿಗೆ ಕಟ್ಟಿದ್ದ ಬಟ್ಟೆ, ನನ್ನ ಎರಡು ಜಡೆ, ಅಮ್ಮನ ತುರುಬು. ಅಪ್ಪ ಕಚೇರಿಯಿಂದ ತಂದಿದ್ದ ಖಾತೆ ಕಾಗದಗಳ ಕಟ್ಟನ್ನೂ ಬಿಡಲಿಲ್ಲ. ನನ್ನ ಪಂಚೆ ಒಂದು ಬಿಟ್ಟಿದ್ದಾಳೆ ಪುಣ್ಯಾತ್ಗಿತ್ತಿ ಎಂದು ಅಪ್ಪ ಗೊಣಗಿದರು. ಕಡೆಗೆ ಟ್ರಂಕುಗಳ ಸರದಿ ಬಂತು. ಬೀಗ ತೆಗೆದು ಮುಚ್ಚಳ ಎತ್ತಿ, ಒಳಗೆ ಬಟ್ಟೆಗಂಟು ಏನಾದರೂ ಇದೆಯೇ ಎಂದು ಕೈಯಾಡಿಸಿದ ದೊಡ್ಡತ್ತೆಗೆ ನನ್ನ ಕೌದಿ ಸಿಕ್ಕಿತು.

ಅವರು ಬೈಯಲಿಲ್ಲ. ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು. ಅಂಚಿನ ಮೇಲೆ ಬೆರಳಾಡಿಸಿ, ಇಷ್ಟೊಂದು ಗಂಟು ಹಾಕಿಟ್ಟಿದೀಯಲ್ಲೇ, ಅವಳು ಹೆಂಗೆ ಹೆರ್ಬೇಕು ಎಂದು ಕೇಳಿದರು. ಗಂಟಲ್ಲ ಅತ್ತೆ, ಬರೀ ಕುಣಿಕೆ ಎಂದೆ. ಕುಣಿಕೆ ಎಂದ ಮೇಲೆ ಇನ್ನೇನು ಉಳಿಯಿತು! ನಾನು ತೊದಲುತ್ತಿದ್ದಾಗ ಒಳಗಿನಿಂದ ಅಕ್ಕ ಕೂಗಿಕೊಂಡಳು. ಅಮ್ಮ ಕೂದಲು ಬಿಟ್ಟುಕೊಂಡು ಅಳುತ್ತಾ ನಿಂತಿದ್ದಳು. ನಾನು ಹಜಾರದ ಕಂಬಕ್ಕೆ ಒರಗಿ ಕೂತು ಕೊನೆಯ ಗಂಟನ್ನು ಕತ್ತರಿಸಿ ಎಳೆ ಹಿಡಿದು ಜಗ್ಗಿದೆ. ಎರಡು ತಿಂಗಳ ಕೆಲಸ ಕಾಲು ಗಂಟೆಯಲ್ಲಿ ಹೋಯಿತು. ಕಾಜಾ ಹೊಲಿಗೆಯನ್ನೂ ತೆಗೆ ಎಂದರು, ಅದನ್ನೂ ಕತ್ತರಿಸಿ ಕಿತ್ತೆ. ಗುಂಗುರಾದ ಹಳದಿ ನೂಲಿನ ಗುಪ್ಪೆಯನ್ನು ದೊಡ್ಡತ್ತೆ ಬಚ್ಚಲ ಒಲೆಗೆ ಹಾಕಿದರು.

ಅದಾಗಿ ಒಂದು ಗಂಟೆಗೆ ಕೂಸು ಹುಟ್ಟಿತು. ಗಂಡು. ಉಸಿರಿರಲಿಲ್ಲ. ಕರುಳಬಳ್ಳಿ ಕುತ್ತಿಗೆಗೆ ಎರಡು ಸುತ್ತು ಬಿದ್ದಿತ್ತು ಎಂದು ಸೂಲಗಿತ್ತಿ ಹೇಳಿದಳು.

ಕೈಗೆ ಸಿಕ್ಕಿದ್ದು ಆ ಕೌದಿಯೇ ಆದ್ದರಿಂದ ಅದರಲ್ಲೇ ಸುತ್ತಿದರು. ಅಪ್ಪ ಎತ್ತಿಕೊಂಡು ಹಿತ್ತಲ ಬಾಗಿಲಿನಿಂದ ಹೋಗುವಾಗ ನಾನು ಬಾಗಿಲ ಪಕ್ಕದಲ್ಲಿದ್ದೆ. ನಾನು ಕಿತ್ತ ಅಂಚಿನುದ್ದಕ್ಕೂ ಸೂಜಿಯ ತೂತುಗಳು ಸಾಲಾಗಿ ಉಳಿದಿದ್ದವು. ಅಲ್ಲೊಂದು ಇಲ್ಲೊಂದು ತೂತಿನಲ್ಲಿ ಹಳದಿ ಎಳೆಯ ಚೂರು ಸಿಕ್ಕಿಕೊಂಡಿತ್ತು. ಆ ಮಗುವಿನ ಮುಖವನ್ನು ನಾನು ನೋಡಲಿಲ್ಲ, ನೋಡಲು ಬಿಡಲಿಲ್ಲ. ನಾನು ನೋಡಿದ್ದು ಆ ತೂತುಗಳನ್ನು.

ಹದಿನೈದು ದಿನ ಕಳೆದ ಮೇಲೆ ದೊಡ್ಡತ್ತೆ ಅಂದೇಬಿಟ್ಟರು: "ನೂಲು ಸುತ್ತಿದ್ದು ನೀನು ಕಣೇ. ಅದಕ್ಕೇ ಅಲ್ಲಿ ಕರುಳು ಸುತ್ಕೊಂತು. ಬಿಚ್ಚಿದ್ದು ತಡವಾಯ್ತು."

ಬಿಚ್ಚದಿದ್ದರೆ ಬಿಚ್ಚಲಿಲ್ಲ ಎಂಬ ತಪ್ಪು, ಬಿಚ್ಚಿದರೆ ತಡವಾಯಿತು ಎಂಬ ತಪ್ಪು. ಇವತ್ತಾದರೆ ಹೀಗೆ ಹೇಳಬಲ್ಲೆ. ಆವತ್ತು ಹದಿನಾರು ವರ್ಷದ ನಾನು ಆ ಮಾತನ್ನು ಪೂರ್ತಿಯಾಗಿ ನಂಬಿದೆ. ಅಮ್ಮ ನನ್ನ ಕಡ್ಡಿಯನ್ನು ಎಲ್ಲಿ ಎಸೆದಳೋ ನಾನು ಕೇಳಲಿಲ್ಲ. ಅಕ್ಕ ಅಜ್ಜಂಪುರಕ್ಕೆ ಹೋಗುವಾಗ ಅವಳ ಕಣ್ಣಿಗೆ ಬೀಳದಂತೆ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಾ ಕೂತಿದ್ದೆ. ಮಾತು ಊರಲ್ಲೂ ಹಬ್ಬಿತು. ಮೊದಲೆಲ್ಲ ನಾಮಕರಣವಾದ ಮೇಲೆ ಕೌದಿಗೆ ಅಂಚು ಹಾಕಿಕೊಡು ಎಂದು ನಮ್ಮ ಬೀದಿಯ ಬಾಣಂತಿಯರು ಹೇಳಿ ಕಳಿಸುತ್ತಿದ್ದರು. ಈಗ ನಾನು ಎದುರಿಗೆ ಬಂದರೆ ಕೂಸಿನ ಮೇಲೆ ಸೆರಗು ಎಳೆಯುತ್ತಿದ್ದರು. ನನ್ನನ್ನು ನೋಡಲು ಬಂದ ಒಂದು ಗಂಡಿನ ಕಡೆಯವರು ಉಪ್ಪಿಟ್ಟು ತಿಂದು, ಕಾಫಿ ಕುಡಿದು, ಹುಡುಗಿಯ ಕೈ ಒಳ್ಳೆಯದಲ್ಲವಂತೆ ಎಂದು ಮಧ್ಯಸ್ಥರ ಮೂಲಕ ಹೇಳಿಸಿದರು. ಉಪ್ಪಿಟ್ಟು ಮಾಡಿದ್ದೂ ಅದೇ ಕೈಯೇ.

ಮೂರು ವರ್ಷ ಹಾಗೇ ಕಳೆಯಿತು. ಚಿಕ್ಕಮ್ಮನಿಗೆ ಜ್ವರ ಎಂದು ನನ್ನನ್ನು ಕಡೂರಿಗೆ ಕಳಿಸಿದಾಗ ನರ್ಸಮ್ಮ ಸಿಕ್ಕರು. ಯಾಕೆ ಕಡ್ಡಿ ಹಿಡಿದಿಲ್ಲ ಎಂದು ಕೇಳಿದರು. ನಾನು ಯಾರಿಗೂ ಹೇಳದ ಮಾತನ್ನು ಅವರ ಹೊಸ್ತಿಲ ಮೇಲೆ ಕೂತು ಹೇಳಿದೆ. ನನ್ನ ಅಕ್ಕನ ಮಗುವನ್ನು ನಾನೇ ಕೊಂದೆ ಎಂದೆ.

ಸಮಾಧಾನ ಮಾಡುವುದು ಅವರ ಜಾಯಮಾನವಲ್ಲ. ಬಳ್ಳಿ ಸುತ್ತಿಕೊಂಡು ಹುಟ್ಟಿದ ಕೂಸುಗಳನ್ನು ತಾವು ಲೆಕ್ಕವಿಲ್ಲದಷ್ಟು ಕಂಡಿರುವುದಾಗಿ ಹೇಳಿದರು. ಸೂಜಿ ದಾರ ಮುಟ್ಟದ ತಾಯಂದಿರ ಕೂಸುಗಳು, ಗಂಟೆಲ್ಲ ಬಿಚ್ಚಿ ಹರವಿದ ಮನೆಯ ಕೂಸುಗಳು. ಹೆಚ್ಚಿನವು ಬದುಕುತ್ತವೆ, ಕೆಲವು ಹೋಗುತ್ತವೆ. "ಅದು ಹೊಟ್ಟೆಯೊಳಗೆ ಆಗೋದು. ನಿನ್ನ ಕೈಗೆ ಅಷ್ಟು ದೂರ ಹೋಗೋ ಶಕ್ತಿ ಇಲ್ಲ, ತಿಳ್ಕೋ" ಎಂದರು. ಎಷ್ಟು ಹೊತ್ತು ನೋವು ತಿಂದಳು, ಆಸ್ಪತ್ರೆಗೆ ಯಾಕೆ ಹೇಳಿ ಕಳಿಸಲಿಲ್ಲ ಎಂದು ಕೇಳಿದರು. ನಾವು ಆ ಹೊತ್ತನ್ನೆಲ್ಲ ಉಪ್ಪಿನಕಾಯಿ ಜಾಡಿ ಬಿಚ್ಚುವುದರಲ್ಲಿ ಕಳೆದಿದ್ದೆವು.

ಅಳು ಬರಬೇಕಿತ್ತು, ಸಿಟ್ಟು ಬಂತು. ಮೂರು ವರ್ಷ ನಾನು ಯಾರ ಕೂಸನ್ನೂ ಮುಟ್ಟಿರಲಿಲ್ಲ. ಅಕ್ಕನಿಗೆ ಒಂದು ಕಾಗದ ಬರೆದಿರಲಿಲ್ಲ. ಆ ಮೂರು ವರ್ಷವನ್ನು ನನಗೆ ಯಾರು ವಾಪಸ್ಸು ಕೊಡುತ್ತಾರೆ? ಮರುದಿನವೇ ಕಡೂರಿನ ಬಸ್ ಸ್ಟ್ಯಾಂಡಿನ ಹತ್ತಿರದ ಸೈಕಲ್ ಅಂಗಡಿಗೆ ಹೋಗಿ, ಚಕ್ರದ ಒಂದು ಕಡ್ಡಿಯನ್ನು ಗೇಣುದ್ದ ಕತ್ತರಿಸಿ ತುದಿಗೆ ಅರದಲ್ಲಿ ಕೊಕ್ಕೆ ಮಾಡಿಕೊಡಿ ಎಂದೆ. ಏನಮ್ಮ, ಕಿವಿ ಕೆರ್ಕೊಳಕ್ಕಾ ಎಂದು ಅಂಗಡಿಯವನು ಕೇಳಿದ. ಹೌದು, ನಮ್ಮ ಮನೆಯವರ ಕಿವಿ ಎಂದೆ. ಕೆಂಪು ನೂಲಿನ ಎರಡು ಉಂಡೆ ಕೊಂಡೆ. ನೀರಲ್ಲಿ ನೆನೆಸಿ ಬಣ್ಣ ಬಿಡುತ್ತದೋ ಎಂದು ನರ್ಸಮ್ಮ ಪರೀಕ್ಷೆ ಮಾಡಿಕೊಟ್ಟರು. ಎಳೆಹಳದಿಯಂತೆ ಟ್ರಂಕಿನಲ್ಲಿ ಬಚ್ಚಿಟ್ಟುಕೊಳ್ಳುವ ಬಣ್ಣ ನನಗೆ ಇನ್ನು ಬೇಕಿರಲಿಲ್ಲ.

ಅಕ್ಕ ಮತ್ತೆ ಬಸುರಿಯಾಗಿ, ಏಳು ತುಂಬಿ ತರೀಕೆರೆಗೆ ಬಂದಳು. ಅವಳ ಅಜ್ಜಂಪುರದ ಅತ್ತೆ ಹೇಳಿ ಕಳಿಸಿದ್ದರು: ಹೆರಿಗೆಯಾಗುವವರೆಗೆ ಆ ಮನೆಯಲ್ಲಿ ಸೂಜಿ ದಾರ ಕಾಣಿಸಕೂಡದು. ಅಮ್ಮ ಆಗಲಿ ಎಂದಿದ್ದಳು. ನಾನು ಯಾರನ್ನೂ ಕೇಳದೆ ಶುರು ಮಾಡಬಹುದಿತ್ತು, ಆದರೆ ಹೊಟ್ಟೆ ಅಕ್ಕನದು. ಅವಳೊಬ್ಬಳನ್ನು ಕೇಳಬೇಕಿತ್ತು. ಕೇಳಿದೆ. ನರ್ಸಮ್ಮ ಹೇಳಿದ್ದನ್ನೆಲ್ಲ ಹೇಳಿದೆ. ಮರುದಿನ ಅವಳು ತಾನು ತಂದ ಪೆಟ್ಟಿಗೆಯಿಂದ ಒಂದು ಹಳೇ ಹತ್ತಿ ಸೀರೆ ತೆಗೆದು, ಬಸುರಿ ಕತ್ತರಿ ಮುಟ್ಟಬಾರದು ಎಂಬುದನ್ನೂ ಲೆಕ್ಕಿಸದೆ ತಾನೇ ಕತ್ತರಿಸಿ ನನ್ನ ಮಡಿಲಿಗೆ ಹಾಕಿದಳು. "ಹೆದ್ರಿಕೆ ಆಗುತ್ತೆ ಕಣೇ. ಆದ್ರೂ ಹಾಕು" ಎಂದಳು.

ಜಗಲಿಯ ಮೇಲೆ, ಬೀದಿಗೆ ಮುಖ ಮಾಡಿ ಕೂತು ಹಾಕಿದೆ. ಕೆಂಪು ನೂಲು ನಾಲ್ಕು ಮನೆಯಾಚೆಗೂ ಕಾಣುತ್ತಿತ್ತು. ಮೊದಲ ದಿನವೇ ಮನೆಯಲ್ಲಿ ಭೂಕಂಪವಾಯಿತು. ದೊಡ್ಡತ್ತೆ ಊಟ ಬಿಟ್ಟರು. ಎರಡು ಹೊತ್ತು ಬಿಟ್ಟು ಮೂರನೇ ಹೊತ್ತು ಅಕ್ಕನ ಒತ್ತಾಯಕ್ಕೆ ಉಂಡರು. ಅಮ್ಮ ನನ್ನ ಜೊತೆ ಮಾತು ನಿಲ್ಲಿಸಿದಳು. ತಟ್ಟೆ ಇಡುವಳು, ಬಡಿಸುವಳು, ಮುಖ ನೋಡಳು. ಅಪ್ಪ ಎರಡೂ ಕಡೆಗೆ ಬಾರದ ಮನುಷ್ಯ. ಹೆರಿಗೆಯಾದ ಮೇಲೆ ಹಾಕಿದರಾಗದೇ ಎಂದರು. ಆಗುತ್ತದೆ, ಆದರೆ ಆಗ ನಾನು ತಪ್ಪು ಒಪ್ಪಿಕೊಂಡ ಹಾಗೆ ಎಂದೆ. ಇಷ್ಟು ಮಾತಾಡುವವಳನ್ನು ವಕೀಲಿ ಓದಿಸಬೇಕಿತ್ತು ಎಂದು ಕೊಡೆ ತೆಗೆದುಕೊಂಡು ಕಚೇರಿಗೆ ಹೋದರು. ಆದರೆ ಒಂದು ಉಪಕಾರ ಮಾಡಿದರು. ಈ ಸಲ ಆಸ್ಪತ್ರೆಯ ಮಿಡ್‌ವೈಫನ್ನೇ ಕರೆಸಬೇಕು ಎಂದು ನಾನು ಹಟ ಹಿಡಿದಾಗ ತಾವೇ ಹೋಗಿ ಮಾತಾಡಿ ಬಂದರು.

ನಾನು ಧೈರ್ಯವಾಗಿದ್ದೆ ಎಂದುಕೊಳ್ಳಬೇಡಿ. ಈ ಕೂಸೂ ಹೋದರೆ ನನಗೆ ಆ ಮನೆಯಲ್ಲಿ ಜಾಗವಿಲ್ಲ ಎಂಬುದು ಸ್ಪಷ್ಟವಿತ್ತು. ಅಕ್ಕನನ್ನು ಅಜ್ಜಂಪುರದವರು ವಾಪಸ್ಸು ಕರೆಸಿಕೊಳ್ಳುವುದೂ ಅನುಮಾನವಿತ್ತು. ನರ್ಸಮ್ಮ ಹೇಳಿದ್ದು ನಿಜವೆಂದು ತಲೆಗೆ ಗೊತ್ತಿತ್ತು, ಕೈಗೆ ಇನ್ನೂ ನಂಬಿಕೆ ಬಂದಿರಲಿಲ್ಲ. ನೂಲನ್ನು ಒಮ್ಮೆ ಬಿಗಿಯಾಗಿ, ಒಮ್ಮೆ ಸಡಿಲವಾಗಿ ಎಳೆಯುತ್ತಿದ್ದೆ. ಆ ಅಂಚಿನ ಒಂದು ಬದಿಯ ಚಿಪ್ಪುಗಳು ಸಣ್ಣ ದೊಡ್ಡ ಆಗಿದ್ದಕ್ಕೆ ಅದೇ ಕಾರಣ.

ಬೆಳಗಿನ ಜಾವ ನೋವು ಕಾಣಿಸಿಕೊಂಡಿತು. ಮಿಡ್‌ವೈಫ್ ಎಂಟು ಗಂಟೆಗೆ ಬಂದು ಒಳಗೆ ಸೇರಿದರು. ಅಜ್ಜಂಪುರದ ಅತ್ತೆ ಎರಡು ದಿನ ಮೊದಲೇ ಬಂದು ನಡುಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಮಧ್ಯಾಹ್ನವಾಯಿತು. ದೊಡ್ಡತ್ತೆ ಎದ್ದು ಮತ್ತೆ ಹಗ್ಗ, ಜಾಡಿ, ಬೀಗ, ಜಡೆ ಎಲ್ಲವನ್ನೂ ಬಿಚ್ಚಿದರು. ಈ ಸಲ ಕೊಡವನ್ನು ಮೊದಲು ಮೇಲಕ್ಕೆ ಎಳೆದುಕೊಂಡು ಆಮೇಲೆ ಗಂಟು ಬಿಚ್ಚಿದರು, ಅಷ್ಟು ಕಲಿತಿದ್ದರು. ನನ್ನ ಜಡೆಯನ್ನೂ ಬಿಚ್ಚಲು ಬಿಟ್ಟೆ. ನಾನು ಕೌದಿಯನ್ನು ಮಡಿಲಲ್ಲಿಟ್ಟುಕೊಂಡು ಹಿತ್ತಲ ಜಗಲಿಯಲ್ಲಿ ಕೂತಿದ್ದೆ. ಅಡಗಿಸಿಟ್ಟು ಹುಡುಕಿಸಿಕೊಳ್ಳುವ ಪಾಡು ಬೇಡವಾಗಿತ್ತು.

ಮೊದಲು ದೊಡ್ಡತ್ತೆ ಬಂದು ಬಿಚ್ಚು ಎಂದರು. ಇಲ್ಲ ಎಂದೆ. ಅಜ್ಜಂಪುರದ ಅತ್ತೆ ಬಂದರು. ಅವರಿಗೂ ಇಲ್ಲ ಎಂದೆ. ನಿನಗೆ ನಮ್ಮ ಮನೆಯ ದೀಪ ಆರಿಸಬೇಕಾ ಎಂದರು. ನಾನು ಕೌದಿಯ ಮೇಲಿನ ಕೈ ತೆಗೆಯಲಿಲ್ಲ. ಒಳಗೆ ಅಕ್ಕನ ನರಳಾಟ ಹೆಚ್ಚಿತು. ಆಗ ಅಮ್ಮ ಬಂದಳು. ಎರಡು ತಿಂಗಳಿಂದ ನನ್ನೊಡನೆ ಮಾತಾಡದ ಅಮ್ಮ ಕೂದಲು ಕೆದರಿಕೊಂಡು ನನ್ನ ಮುಂದೆ ಮಂಡಿಯೂರಿ ನನ್ನ ಎರಡೂ ಪಾದ ಹಿಡಿದುಕೊಂಡಳು. "ನಿನ್ನ ಕಾಲು ಹಿಡೀತೀನಿ. ನಿನ್ನ ಮಾತೇ ನಿಜ ಇರ್ಲಿ. ನನಗೋಸ್ಕರ ಬಿಚ್ಚು."

ಹೆತ್ತ ತಾಯಿ ಕಾಲು ಹಿಡಿದ ಮೇಲೆ ಯಾವ ಸಿಟ್ಟು ನಿಲ್ಲುತ್ತದೆ? ನಾನು ಸೋತೆ. ನಿಜವಾಗಿ ಸೋತೆ. ನನ್ನ ಬೆರಳು ಅಂಚಿನ ಮೂಲೆಗೆ ಹೋಗಿ ಆ ಒಂದೇ ಗಂಟನ್ನು ಹುಡುಕಿತು. ಉಗುರು ಹಾಕಿದ್ದೆ.

ಹಿತ್ತಲ ಜಗಲಿಗೂ ಹೆರಿಗೆ ಕೋಣೆಗೂ ನಡುವೆ ಇದ್ದದ್ದು ಒಂದು ಕಿಟಕಿ. ಅಲ್ಲಿ ನಡೆದದ್ದೆಲ್ಲ ಅಕ್ಕನಿಗೆ ಕೇಳಿಸಿತ್ತು. ಒಂದು ನೋವಿಗೂ ಇನ್ನೊಂದು ನೋವಿಗೂ ನಡುವಿನ ಬಿಡುವಿನಲ್ಲಿ ಅವಳ ದನಿ ಬಂತು. ಕೂಗಲಿಲ್ಲ, ಕೂಗಲು ಅವಳಲ್ಲಿ ಶಕ್ತಿ ಉಳಿದಿರಲಿಲ್ಲ.

"ಬಿಚ್ಚಬೇಡ ಕಣೇ. ಹೋದ ಸಲ ಬಿಚ್ಚಿದ್ವಲ್ಲ."

ಅಮ್ಮನ ಕೈ ನನ್ನ ಪಾದದ ಮೇಲೆ ಹಾಗೇ ನಿಂತಿತು. ನಾನು ಉಗುರು ತೆಗೆದೆ. ದೊಡ್ಡತ್ತೆ ದೇವರ ಗೂಡಿನ ಕಡೆಗೆ ಹೋದರು. ಅಮ್ಮ ಎದ್ದು ಹೋಗುತ್ತಾಳೆ ಎಂದುಕೊಂಡೆ. ಹೋಗಲಿಲ್ಲ. ನನ್ನ ಪಕ್ಕದಲ್ಲೇ ಕೂತು, ಕೌದಿಯ ಒಂದು ಮೂಲೆಯನ್ನು ಹಿಡಿದುಕೊಂಡಳು. ಎಷ್ಟು ಹೊತ್ತು ಹಾಗೆ ಕೂತಿದ್ದೆವೋ, ಬಿಸಿಲು ಜಗಲಿಯ ಮೇಲಿಂದ ಇಳಿದು ಹಿತ್ತಲಿಗೆ ಹೋಗಿತ್ತು.

ಕೂಸು ಅತ್ತಿತು. ಹೆಣ್ಣು.

ಮಿಡ್‌ವೈಫ್ ಬಟ್ಟೆ ಕೊಡಿ ಎಂದು ಬಾಗಿಲಿಗೆ ಬಂದಾಗ ಕೌದಿಯನ್ನು ಕೊಟ್ಟವಳು ನಾನಲ್ಲ, ಅಮ್ಮ. ಕೈ ತೊಳೆದುಕೊಳ್ಳುವಾಗ ಮಿಡ್‌ವೈಫ್ ಸಹಜವಾಗಿ ಒಂದು ಮಾತು ಹೇಳಿದರು: ಇದಕ್ಕೂ ಬಳ್ಳಿ ಕುತ್ತಿಗೆಗೆ ಒಂದು ಸುತ್ತು ಬಿದ್ದಿತ್ತು, ತಲೆ ಬಂದ ಕೂಡಲೇ ಬೆರಳು ತೂರಿಸಿ ಮೇಲಕ್ಕೆ ಜಾರಿಸಿದೆ, ಬಿಟ್ಟುಕೊಂಡಿತು. ಅಷ್ಟೇ ಹೇಳಿ ಟವೆಲ್ಲಿಗೆ ಕೈ ಒರೆಸಿಕೊಂಡು ಕಾಫಿ ಕುಡಿದು ಹೋದರು. ಒಂದು ಬೆರಳು! ಮೊದಲ ಸಲ ಆ ಒಂದು ಬೆರಳು ನಮ್ಮ ಮನೆಯಲ್ಲಿರಲಿಲ್ಲ, ಗಂಟು ಬಿಚ್ಚುವ ಹತ್ತು ಬೆರಳಿದ್ದವು. ನಾನು ಇದನ್ನು ಬಾಯಿಬಿಟ್ಟು ಹೇಳಿಯೂ ಹೇಳಿದೆ. ಅದಕ್ಕೆ ದೊಡ್ಡತ್ತೆ, ಮಿಕ್ಕಿದ್ದನ್ನೆಲ್ಲ ನಾನು ಬಿಚ್ಚಿದ್ದಕ್ಕೇ ಒಂದೇ ಸುತ್ತಿಗೆ ನಿಂತಿತು, ನೀನು ಅದನ್ನೂ ಬಿಚ್ಚಿದ್ದರೆ ಆ ಸುತ್ತೂ ಇರುತ್ತಿರಲಿಲ್ಲ ಎಂದರು. ಅವರನ್ನು ಗೆಲ್ಲುವುದು ಸಾಧ್ಯವಿರಲಿಲ್ಲ. ಅವರು ಸಾಯುವವರೆಗೂ ಅದನ್ನೇ ಹೇಳಿದರು, ನಾನು ಗಂಟಲ್ಲ ಎಂದೇ ಹೇಳಿದೆ.

ಊರಿನವರು ಮಾತ್ರ ಬಲು ಬೇಗ ಬದಲಾದರು. ಕೂಸು ಬದುಕಿದ್ದೇ ತಡ, ನನ್ನ ಕೈ ಒಳ್ಳೆಯದಾಯಿತು. ಕೆಂಪು ಅಂಚೇ ಬೇಕು ಎಂದು ಹೇಳಿ ಕಳಿಸತೊಡಗಿದರು. ನನಗೆ ಇದರಿಂದ ಸಂತೋಷವಾಗಲಿಲ್ಲ, ಮೈ ಉರಿಯಿತು. ನನ್ನ ಕೈಗೆ ಕೊಲ್ಲುವ ಶಕ್ತಿ ಇಲ್ಲದಿದ್ದರೆ ಉಳಿಸುವ ಶಕ್ತಿಯೂ ಇಲ್ಲ. ಹಾಗೆ ಕೇಳಿ ಬಂದವರಿಗೆಲ್ಲ ಬೇಕೆಂದೇ ಹಸಿರು ಹಾಕಿಕೊಟ್ಟೆ. ಮದುವೆಯಾಗಿ ಕಡೂರಿಗೆ ಬಂದ ಮೇಲೂ, ಅರವತ್ತರ ದಶಕವೆಲ್ಲ, ಬಸುರಿಯರು ಬಂದು ಹೆರಿಗೆಯಾದ ಮೇಲೆ ಹಾಕಿಕೊಡಿ ಎಂದರೆ ಈಗಲೇ ಹಾಕುತ್ತೇನೆ, ಬೇಡದಿದ್ದರೆ ಬೇರೆಯವರನ್ನು ನೋಡಿಕೊಳ್ಳಿ ಎನ್ನುತ್ತಿದ್ದೆ. ಅರ್ಧ ಜನ ಎದ್ದು ಹೋಗುತ್ತಿದ್ದರು. ಉಳಿದವರು ಅತ್ತೆಯರಿಗೆ ಹೇಳಬೇಡಿ ಎಂದು ಬಟ್ಟೆ ಕೊಟ್ಟು ಹೋಗುತ್ತಿದ್ದರು.

ಅಕ್ಕನ ಬಾಣಂತನ ಮುಗಿದು, ಐದನೇ ತಿಂಗಳಲ್ಲಿ ಅವಳನ್ನು ಅಜ್ಜಂಪುರಕ್ಕೆ ಕಳಿಸುವ ದಿನ ಗೊತ್ತಾಯಿತು. ಅವಳ ಅತ್ತೆ ಹೇಳಿ ಕಳಿಸಿದರು: ಮಗುವನ್ನು ಕರೆದುಕೊಂಡು ಬರಲಿ, ಆ ಕೌದಿ ನಮ್ಮ ಹೊಸ್ತಿಲು ದಾಟುವುದು ಬೇಡ. ಹೊರಡುವ ದಿನ ಬೆಳಿಗ್ಗೆ ನಾನು ಕೌದಿಯನ್ನು ಒಗೆದು ಒಣಗಿಸಿ ತಂದು, ಇಲ್ಲೇ ಇರಲಿ ಬಿಡು, ನಿನಗೆ ಅಲ್ಲಿ ರಗಳೆಯಾಗುತ್ತದೆ ಎಂದೆ. ಅಕ್ಕ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಚಾಪೆಯ ಮೇಲೆ ಹಾಸಿ, ಕೂಸನ್ನು ಅದರ ಮೇಲೆ ಮಲಗಿಸಿದಳು. ಬಸ್ಸಿಗೆ ಅದನ್ನೇ ಹೊದಿಸಿಕೊಂಡು ಹೋಗುತ್ತಾಳೆಂದು ಗೊತ್ತಾಯಿತು.

ಕೂಸಿನ ಕಾಲನ್ನು ಒಳಗೆ ಸೇರಿಸುತ್ತಾ, ನನ್ನ ಮುಖ ನೋಡದೆ ಒಂದು ಮಾತು ಕೇಳಿದಳು. "ಇದೂ ಹೋಗಿದ್ರೆ ಏನ್ ಮಾಡ್ತಿದ್ದೆ?"

ಆ ಹಿತ್ತಲ ಜಗಲಿಯಲ್ಲಿ ಕೂತಿದ್ದಷ್ಟು ಹೊತ್ತೂ ನಾನು ಅದನ್ನೇ ಯೋಚಿಸಿದ್ದೆ. "ಇದೇ ಕೌದೀಲಿ ಸುತ್ತಿ ಕಳಿಸ್ತಿದ್ದೆ" ಎಂದೆ. "ಅಂಚಿನ ಸಮೇತ."

ಅಕ್ಕ ಕೌದಿಯ ಒಂದು ಬದಿಯನ್ನು ಕೂಸಿನ ಮೇಲೆ ಎಳೆದಳು, ಇನ್ನೊಂದು ಬದಿಯನ್ನು ಎಳೆದಳು, ಕೆಳಗಿನ ಮೂಲೆಯನ್ನು ಮಡಿಸಿ ಸಿಕ್ಕಿಸಿದಳು.

"ಅವನನ್ನೂ ಹಂಗೇ ಕಳಿಸ್ಬೇಕಿತ್ತು ಕಣೇ" ಎಂದಳು.

ಆ ಮೊದಲ ಕೂಸಿನ ಮಾತನ್ನು ಅವಳು ಎತ್ತಿದ್ದು ಅದೇ ಮೊದಲು. ಹೊರಗೆ ಅಪ್ಪ ಬಸ್ಸಿಗೆ ಹೊತ್ತಾಯಿತು ಎಂದು ಕರೆಯುತ್ತಿದ್ದರು. ನಾವಿಬ್ಬರೂ ಚಾಪೆಯ ಮೇಲಿಂದ ಏಳಲಿಲ್ಲ.